ಪಡಸಾಲೆ ಇದೆ, ಅಡುಗೆಮನೆ ಎಲ್ಲಿ?

"ಕಟ್ಟಡ ಕಟ್ಟಡದ ಹಾಗೇ ಇದ್ದರೆ ಯಾರ ಗಂಟು ಹೋಗುತ್ತದೆ?" ಎಂದು ರಾಯರು ಶುರುಮಾಡಿದರು.

ಯಾರೂ ಉತ್ತರ ಕೊಡಲಿಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನ ರೈಲು ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ ಎದುರಿಗೇ ವಿ ಅಂಡ್ ಎ, ಅಂದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಿನ್ಯಾಸ ಸಂಗ್ರಹಾಲಯ. ಅಷ್ಟು ಹತ್ತಿರವಿದ್ದರೂ ನಾವು ಇನ್ನೂ ಒಳಗೆ ಹೋಗಿರಲಿಲ್ಲ. ನಾಣಿ ಹೊರಗೋಡೆಯ ಫೋಟೋ ತೆಗೆಯುತ್ತಿದ್ದ. ಈ ಕಡೆಯಿಂದ ತೆಗೆದದ್ದು ಆ ಕಡೆಯಿಂದ ಬೇರೆ ಥರ ಕಾಣುತ್ತದೆ ಎಂದು ಆ ಕಡೆಗೂ ಹೋಗಿಬಂದ. ಟೇ ನದಿಯ ಮೇಲಿನಿಂದ ಬೀಸುವ ಗಾಳಿಗೆ ಪದ್ಮಕ್ಕನ ಕೊಡೆ ಮಗುಚಿಕೊಂಡು, ಅವರು ಅದನ್ನು ಮತ್ತೆ ಸರಿಮಾಡುವ ಗೋಜಿಗೆ ಹೋಗದೆ ಮಡಿಸಿ ಚೀಲದೊಳಗೆ ತುರುಕಿದ್ದರು.

ವಾಸು ಎಂದಿನಂತೆ ಓದಿಕೊಂಡು ಬಂದಿದ್ದ. "ಇದು ಬಂಡೆ, ರಾಯರೇ. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಕಡಲಿಗೆ ನೆಟ್ಟಗೆ ಇಳಿಯುವ ಬಂಡೆಗಳಿವೆಯಲ್ಲ, ಅವನ್ನು ನೋಡಿ ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ಅವರಿಗೆ ಇದು ಹೊಳೆಯಿತಂತೆ. ಗೋಡೆಯ ಮೇಲೆ ಅಡ್ಡಡ್ಡ ಕೂರಿಸಿರುವ ಹಲಗೆಗಳು ಅಚ್ಚಿನಲ್ಲಿ ಎರಕಹೊಯ್ದ ಕಲ್ಲು. ಒಟ್ಟು 2,429. ಕೆಲವು 4 ಮೀಟರ್ ಅಗಲ, 3 ಟನ್ ಭಾರ."

"ನನಗೆ ಹಡಗಿನ ಹಾಗೆ ಕಾಣುತ್ತದೆ" ಎಂದ ನಾಣಿ, ಮೊಬೈಲಿನಿಂದ ಕಣ್ಣು ತೆಗೆಯದೆ.

"ನನಗೆ ಕಿಟಕಿ ಇಡಿಸುವುದು ಮರೆತ ಹಾಗೆ ಕಾಣುತ್ತದೆ" ಎಂದರು ಪದ್ಮಕ್ಕ.

ರಾಯರು ಕೈಯೆತ್ತಿ ಬಲಗಡೆಗೆ ತೋರಿಸಿದರು. "ಹಡಗು ಬೇಕಿದ್ದರೆ ಅಲ್ಲಿ ನಿಂತಿದೆ ನೋಡಪ್ಪ. ಡಿಸ್ಕವರಿ. 1901ರಲ್ಲಿ ಇದೇ ಊರಿನಲ್ಲಿ ಮರದಿಂದ ಕಟ್ಟಿ ನೀರಿಗೆ ಇಳಿಸಿದ್ದು. ಸ್ಕಾಟ್ ಸಾಹೇಬರನ್ನು ಅಂಟಾರ್ಕ್ಟಿಕಾಕ್ಕೆ ಕರೆದುಕೊಂಡು ಹೋಗಿ, ಎರಡು ಚಳಿಗಾಲ ಹಿಮಗಡ್ಡೆಯಲ್ಲಿ ಸಿಕ್ಕಿಬಿದ್ದು, ಜೀವಸಹಿತ ವಾಪಸ್ಸು ಬಂದ ಹಡಗು. ಅದರ ಮುಂದೆ ನಿಂತು ಇದು ಯಾವುದರ ಹಾಗಿದೆ ಎಂದು ಯಾರಾದರೂ ಕೇಳಿದ್ದನ್ನು ಕಂಡೆಯಾ? ಅದಕ್ಕೆ ಆ ಚಿಂತೆಯೇ ಇಲ್ಲ. ಹಡಗಾಗಿ ಹುಟ್ಟಿತು, ಹಡಗಿನ ಕೆಲಸ ಮಾಡಿತು. ಅದರ ಪಕ್ಕದಲ್ಲಿ ನಿಂತಿರುವ ಈ ಮಹಾರಾಯನಿಗೆ ಮಾತ್ರ ಬೆಳಗಾದರೆ ಬಂಡೆಯಾಗಬೇಕು, ಸಂಜೆಯಾದರೆ ಹಡಗಾಗಬೇಕು."

"ಅದೇ ಅಲ್ಲವೇ ಅದರ ಸೊಗಸು? ಹೊರಗೋಡೆಯಲ್ಲಿ ನೆಟ್ಟಗಿನದು ಒಂದೂ ಇಲ್ಲ."

"ಇರುವುದಿಲ್ಲ ವಾಸು. ನೆಟ್ಟಗಿನ ಗೋಡೆಗೆ ಮೇಸ್ತ್ರಿ ಸಾಕು. ಡೊಂಕು ಗೋಡೆಗೇ ಮಹಾನುಭಾವರು ಬೇಕಾಗುವುದು."

ರಾಯರ ಕೋಪ ಈ ಒಂದು ಕಟ್ಟಡದ ಮೇಲಿನದಲ್ಲ. ಅದಕ್ಕೆ ವಯಸ್ಸಾಗಿದೆ. 1997ರಲ್ಲಿ ಸ್ಪೇನಿನ ಬಿಲ್ಬಾವೊ ಊರಿನಲ್ಲಿ ನದಿಯ ದಂಡೆಯಲ್ಲಿ ಟೈಟಾನಿಯಂ ತಗಡು ಹೊದೆಸಿದ ಗುಗನ್‌ಹೈಮ್ ಸಂಗ್ರಹಾಲಯ ಎದ್ದಾಗ ಹುಟ್ಟಿದ ಕೋಪ ಅದು. ಅಲ್ಲಿಂದ ಮುಂದೆ ಪ್ರಪಂಚದ ನಗರಸಭೆಗಳಿಗೆಲ್ಲ ಒಂದೇ ಕನಸು ಬೀಳತೊಡಗಿತು ಎನ್ನುವುದು ಅವರ ವಾದ. "ಮೊದಲು ಕಾರ್ಖಾನೆ ಮುಚ್ಚುತ್ತದೆ. ಆಮೇಲೆ ಬಂದರು ಖಾಲಿಯಾಗುತ್ತದೆ. ಹುಡುಗರು ಊರು ಬಿಡುತ್ತಾರೆ. ಆಗ ದೊಡ್ಡ ಮನುಷ್ಯರೆಲ್ಲ ನದಿಯ ದಂಡೆಗೆ ಬಂದು ನಿಂತು, ಇಲ್ಲಿ ಏನಾದರೂ ವಿಚಿತ್ರವಾದದ್ದು ಕಟ್ಟಿಸೋಣ ಎನ್ನುತ್ತಾರೆ. ಗ್ಲಾಸ್ಗೊದಲ್ಲಿ 2011ರಲ್ಲಿ ವಾಸ್ತುಶಿಲ್ಪಿ ಜಹಾ ಹದೀದ್ ಅವರು ಕ್ಲೈಡ್ ನದಿಯ ದಂಡೆಯ ಸಂಗ್ರಹಾಲಯಕ್ಕೆ ಅಂಕುಡೊಂಕು ಸೂರು ಹಾಕಿಕೊಟ್ಟರು. ಲಿಸ್ಬನ್ನಿನವರು 2016ರಲ್ಲಿ ತೇಜೊ ನದಿಯ ದಂಡೆಗೆ ಇನ್ನೊಂದನ್ನು ಕಟ್ಟಿಸಿಕೊಂಡರು. ನದಿ ಇಲ್ಲದ ಊರಿನವರು ಸಂಸ್ಕೃತಿಗೆ ಎಲ್ಲಿಗೆ ಹೋಗಬೇಕು, ಹೇಳು?"

"ಊರಿಗೆ ಜನ ಬರುತ್ತಾರಲ್ಲ ರಾಯರೇ. ನಾವೇ ಬಂದಿದ್ದೇವೆ" ಎಂದ ವಾಸು.

"ನಾವು ಬಂದದ್ದು ನಾಣಿ ಫೋಟೋ ತೆಗೆಯುವುದಕ್ಕೆ."

"ಒಳಗೆ ಹೋಗೋಣವೇ? ಪ್ರವೇಶಕ್ಕೆ ದುಡ್ಡಿಲ್ಲವಂತೆ" ಎಂದರು ಪದ್ಮಕ್ಕ. ಆ ಒಂದು ಮಾತಿಗೆ ಎಲ್ಲರ ಕಾಲೂ ಒಟ್ಟಿಗೆ ಎದ್ದವು.

ವಾಸು ದಾರಿಯಲ್ಲಿ ಇನ್ನೊಂದು ಸಂಗತಿ ಬಿಚ್ಚಿದ. 2010ರಲ್ಲಿ ಸ್ಪರ್ಧೆ ಗೆದ್ದ ನಕ್ಷೆಯಲ್ಲಿ ಈ ಕಟ್ಟಡ ಪೂರ್ತಿ ನದಿಯೊಳಗೇ ನಿಂತಿತ್ತಂತೆ. ಖರ್ಚಿನ ಲೆಕ್ಕ ನೋಡಿ ದಡಕ್ಕೆ ಎಳೆದುಕೊಂಡರಂತೆ. ಹಾಗೆ ಎಳೆದುಕೊಂಡರೂ 4.5 ಕೋಟಿ ಪೌಂಡ್ ಎಂದದ್ದು 8 ಕೋಟಿ ದಾಟಿತು. 2018ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು.

"ಲೆಕ್ಕಪತ್ರಕ್ಕೆ ಹೆದರಿ ದಡಕ್ಕೆ ಸರಿದ ಬಂಡೆಯನ್ನು ನಾನು ಈಗಲೇ ನೋಡುತ್ತಿರುವುದು" ಎಂದರು ರಾಯರು.

ಒಳಗೆ ಕಾಲಿಟ್ಟ ಮೇಲೆ ಮಾತ್ರ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಹೊರಗಿನ ಕಲ್ಲಿನ ಬಿಗುಮಾನ ಒಳಗಿಲ್ಲ. ಎತ್ತರದ ದೊಡ್ಡ ಹಜಾರ. ಗೋಡೆಗಳ ಮೇಲೆ ಓಕ್ ಮರದ ಹಲಗೆಗಳನ್ನು ಓರೆಯಾಗಿ ಒಂದರ ಪಕ್ಕ ಒಂದು ಜೋಡಿಸಿದ್ದಾರೆ. ಸಂದಿಯಂಥ ಸಣ್ಣ ಕಿಟಕಿಗಳಿಂದ ನದಿಯ ಬೆಳಕು ಬಂದು ಅವುಗಳ ಅಂಚಿಗೆ ತಾಗುತ್ತದೆ. ಒಂದು ಕಡೆ ಕಾಫಿ ತಿಂಡಿಯ ಮೇಜುಗಳು, ಒಂದು ಕಡೆ ಅಂಗಡಿ.

"ಕುಮಾ ಅವರು ಇದನ್ನು ಏನೆಂದು ಕರೆಯುತ್ತಾರೆ ಗೊತ್ತೇ? ಊರಿನ ಪಡಸಾಲೆ" ಎಂದ ವಾಸು.

ಅವನು ಅದನ್ನು ಹೇಳಬಾರದಿತ್ತು.

"ಪಡಸಾಲೆಯೋ?" ಎಂದರು ರಾಯರು, ಕುರ್ಚಿ ಎಳೆದುಕೊಂಡು. "ಹಾಗಿದ್ದರೆ ಚಪ್ಪಲಿ ಬಿಡಲು ಜಾಗ ಎಲ್ಲಿ? ಬನ್ನಿ ಎಂದವರು ಯಾರು? ಯಾವಾಗ ಬಂದಿರಿ, ಊಟ ಆಯಿತೇ ಎಂದು ಕೇಳಿದವರು ಯಾರು? ಪಡಸಾಲೆಯಲ್ಲಿ ಕೂತವನಿಗೆ ಕಾಫಿ ತಾನಾಗಿ ಬರಬೇಕು. ಇಲ್ಲಿ ನಾಣಿ ಹೋಗಿ ಸಾಲಿನಲ್ಲಿ ನಿಂತಿದ್ದಾನೆ. ಕಾಫಿಯ ಜೊತೆಗೆ ಬಿಲ್ಲು ತರುತ್ತಾನೆ. ಬಿಲ್ಲು ಕೊಡುವ ಪಡಸಾಲೆಯನ್ನು ಯಾರ ಮನೆಯಲ್ಲಿ ಕಂಡಿದ್ದೀಯ?"

"ಸೂಚ್ಯವಾಗಿ ಹೇಳಿದ್ದು ರಾಯರೇ."

"ಸೂಚ್ಯವಾಗಿಯೇ ಕೇಳುತ್ತಿದ್ದೇನೆ. ಪಡಸಾಲೆ ಎಂದ ಮೇಲೆ ಒಬ್ಬ ಮುದುಕ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿರಬೇಕು. ಗೋಡೆಯ ಮೇಲೆ ಯಾರಿಗೂ ಸರಿಯಾಗಿ ಗುರುತು ಸಿಗದ ಒಬ್ಬ ಚಿಕ್ಕಪ್ಪನ ಫೋಟೋ ಇರಬೇಕು. ಈ ಓರೆ ಹಲಗೆಗಳ ಮೇಲೆ ಚಿಕ್ಕಪ್ಪನನ್ನು ತೂಗುಹಾಕಿದರೆ ನೆಲಕ್ಕೆ ಮುಖ ಮಾಡಿ ನೋಡುತ್ತಾನೆ. ಮುಖ್ಯವಾಗಿ, ಪಡಸಾಲೆಯ ಹಿಂದೆ ಅಡುಗೆಮನೆ ಇರಬೇಕು. ಅಲ್ಲಿಂದ ಪಾತ್ರೆಯ ಸದ್ದು, ಒಗ್ಗರಣೆಯ ವಾಸನೆ, ಸಣ್ಣದೊಂದು ಜಗಳ ಬರಬೇಕು. ಇಲ್ಲಿ ಅಡುಗೆಮನೆ ಎಲ್ಲಿದೆ?"

"ಮೇಲಿನ ಮಹಡಿಯಲ್ಲಿ ರೆಸ್ಟೋರೆಂಟ್ ಇದೆ" ಎಂದ ವಾಸು.

"ಮಹಡಿಯ ಮೇಲೆ ಅಡುಗೆಮನೆ! ನೀರು ಹೊರುವವರ ಗತಿ?"

ಪದ್ಮಕ್ಕ ಈ ವಾದದಲ್ಲಿ ಇರಲಿಲ್ಲ. ಅವರು ಬಗ್ಗಿ ನೆಲ ನೋಡುತ್ತಿದ್ದರು. ಕಪ್ಪು ನೀಲಿ ಬಣ್ಣದ ನುಣುಪಾದ ಸುಣ್ಣಕಲ್ಲು, ಐರ್ಲೆಂಡಿನಿಂದ ತಂದದ್ದು. ಅದರೊಳಗೆ ಅಲ್ಲಲ್ಲಿ ಬಿಳಿಯ ಸುರುಳಿಗಳು, ಮುರಿದ ಚಿಪ್ಪಿನ ಅಂಚುಗಳು. "ಸರಿಯಾಗಿ ಗುಡಿಸಿಲ್ಲ ಎಂದುಕೊಂಡೆ. ಕಾಲಿನಿಂದ ಸರಿಸಿದೆ, ಹೋಗಲಿಲ್ಲ" ಎಂದರು.

"ಪಳೆಯುಳಿಕೆ ಪದ್ಮಕ್ಕ. ಕೋಟ್ಯಂತರ ವರ್ಷ ಹಿಂದಿನ ಸಮುದ್ರದ ಜೀವಿಗಳು."

"ಅಷ್ಟು ವರ್ಷದಿಂದ ಗುಡಿಸಿಲ್ಲವೇ?"

ಪಕ್ಕದ ಮೇಜಿನಿಂದ ಒಂದು ಮಗು ಅಂಬೆಗಾಲಿಟ್ಟು ಬಂತು. ಅದರ ಒಂದು ಕಾಲಿನಲ್ಲಿ ಮಾತ್ರ ನೀಲಿ ಕಾಲುಚೀಲ. ಪದ್ಮಕ್ಕ ನೋಡುತ್ತಿದ್ದ ಅದೇ ಸುರುಳಿಯ ಮೇಲೆ ಅಂಗೈಯಿಂದ ಪಟಪಟ ಬಡಿದು, ಅದನ್ನು ಹಿಡಿಯಲು ನೋಡಿತು. ಬಾರದ್ದಕ್ಕೆ ಅಲ್ಲಿಯೇ ಮಲಗಿ ನೆಕ್ಕಿತು. ಇನ್ನೊಂದು ಕಾಲುಚೀಲ ಹಿಡಿದುಕೊಂಡು ಬಂದ ಅಜ್ಜಿಗೆ ಏನೂ ಗಾಬರಿಯಾದಂತೆ ಕಾಣಲಿಲ್ಲ. ದಿನವೂ ಬರುವವರ ಧಾಟಿಯಲ್ಲಿ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ನಮಗೆ ಮಳೆಯ ಬಗ್ಗೆ ಎರಡು ಮಾತು ಹೇಳಿ ಹೋದರು.

"ಪಡಸಾಲೆ ಅಲ್ಲ ಎಂದಿರಲ್ಲ" ಎಂದ ವಾಸು ಮೆಲ್ಲಗೆ.

"ಆ ಮಗು ಕುಮಾ ಅವರ ಕಡೆಯ ಸಾಕ್ಷಿ. ಮೊದಲೇ ಹೇಳಿಕೊಟ್ಟು ಕರೆತಂದಿರಬೇಕು" ಎಂದರು ರಾಯರು. ಆದರೂ ಕೆಲವು ನಿಮಿಷ ಅಡುಗೆಮನೆಯ ಸುದ್ದಿ ಎತ್ತಲಿಲ್ಲ.

ನಾಣಿ ಕಾಫಿ ತಂದ. ಬಿಲ್ಲನ್ನೂ ತಂದ. ಬಿಲ್ಲು ನೋಡಿದ ಮೇಲೆ ಮಾತು ತಾನಾಗಿಯೇ ಹಳೆಯ ಕಾಲದ ಕಡೆಗೆ ಹೊರಳಿತು.

ಈ ಊರಿಗೆ ಜೂಟ್, ಜ್ಯಾಮ್, ಜರ್ನಲಿಸಂ ಎಂಬ ಮೂರು ಜಕಾರಗಳ ಖ್ಯಾತಿ. ಜ್ಯಾಮ್ ಎಂದರೆ ಕೀಲರ್ ಮನೆತನದವರ ಕಿತ್ತಳೆಯ ಮಾರ್ಮಲೇಡ್. ಜರ್ನಲಿಸಂ ಎಂದರೆ ಡಿ.ಸಿ. ಥಾಮ್ಸನ್ ಕಂಪನಿಯ ಪತ್ರಿಕೆಗಳು, ಮಕ್ಕಳ ಚಿತ್ರಕಥೆಗಳು. ಆದರೆ ಊರಿನ ಹೊಟ್ಟೆ ತುಂಬಿಸಿದ್ದು ಜೂಟ್, ನಮ್ಮ ಸೆಣಬು. ಬಂಗಾಳದಲ್ಲಿ ಬೆಳೆದದ್ದು ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಒರಟು ನಾರನ್ನು ಯಂತ್ರಕ್ಕೆ ಹಾಕುವ ಮೊದಲು ಮೆದು ಮಾಡಬೇಕು. ಅದಕ್ಕೆ ತಿಮಿಂಗಿಲದ ಎಣ್ಣೆ. ಡಂಡೀಯವರು ತಿಮಿಂಗಿಲ ಬೇಟೆಗೆ ಹೋಗುತ್ತಿದ್ದದ್ದರಿಂದ ಎಣ್ಣೆಯೂ ಮನೆ ಬಾಗಿಲಿನಲ್ಲೇ ಇತ್ತು. ಹಿಮದ ಸಮುದ್ರಕ್ಕೆ ಗಟ್ಟಿ ಮರದ ಹಡಗು ಕಟ್ಟುವುದನ್ನು ಕಲಿತದ್ದೂ ಆ ಬೇಟೆಯಿಂದಲೇ. ಹೊರಗೆ ನಿಂತಿರುವ ಡಿಸ್ಕವರಿ ಆ ಕೈಗಳ ಕೆಲಸ.

"ಗಿರಣಿಗಳಲ್ಲಿ ದುಡಿದವರು ಹೆಚ್ಚಾಗಿ ಹೆಂಗಸರು" ಎಂದ ವಾಸು. "ಹೆಂಗಸರಿಗೂ ಮಕ್ಕಳಿಗೂ ಸಂಬಳ ಕಡಿಮೆ ಕೊಟ್ಟರೆ ಸಾಕಾಗಿತ್ತಲ್ಲ. ಹುಡುಗರು ದೊಡ್ಡವರಾಗಿ ಗಂಡಸಿನ ಕೂಲಿ ಕೇಳುವ ವಯಸ್ಸಿಗೆ ಬಂದರೆ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಉಳಿದ ಗಂಡಸರಿಗೆ ಊರವರು ಕೆಟಲ್ ಕಾಯಿಸುವವರು ಎಂದೇ ಹೆಸರಿಟ್ಟಿದ್ದರು. ಹೆಂಡತಿ ಗಿರಣಿಯಿಂದ ಬರುವ ಹೊತ್ತಿಗೆ ಚಹಾಕ್ಕೆ ನೀರು ಕುದಿಸಿ ಇಡುವವರು."

ಪದ್ಮಕ್ಕ ಕಾಫಿ ಲೋಟ ಕೆಳಗಿಟ್ಟರು. "ಇದನ್ನು ಮೊದಲೇ ಹೇಳಬಾರದಿತ್ತೇ? ಇಷ್ಟು ಹೊತ್ತು ಬಂಡೆ, ಹಡಗು ಎಂದು ಕಾಲಹರಣ ಮಾಡಿದಿರಿ. ಈ ಊರಿನಲ್ಲಿ ನೋಡಬೇಕಾದದ್ದು ಅದು. ಆ ಗಂಡಸರದ್ದು ಒಂದಾದರೂ ಪ್ರತಿಮೆ ಇದೆಯೇ?"

"ಗಿರಣಿಯ ಗದ್ದಲಕ್ಕೆ ಆ ಹೆಂಗಸರ ಕಿವಿ ಹೋಗುತ್ತಿತ್ತು ಪದ್ಮಕ್ಕ. ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ" ಎಂದರು ರಾಯರು. "ಆಮೇಲೆ ಕಲ್ಕತ್ತೆಯಲ್ಲೇ ಗಿರಣಿಗಳು ಎದ್ದವು. ಅವಕ್ಕೆ ಯಂತ್ರ ಕೊಟ್ಟದ್ದು, ನಡೆಸಿಕೊಡಲು ಮೇಲ್ವಿಚಾರಕರನ್ನು ಕಳಿಸಿದ್ದು ಇದೇ ಊರು. ಹೊಲದ ಪಕ್ಕದಲ್ಲೇ ನೂಲು ತೆಗೆಯುವಾಗ ಅಷ್ಟು ದೂರದ ಡಂಡೀ ಯಾರಿಗೆ ಬೇಕು? ನೆಲೆ ಕುಸಿಯಿತು. ಈಗ ಇಲ್ಲಿ ಕಾಫಿ ಕುಡಿಯುತ್ತಿದ್ದೇವೆ."

ಸ್ಕಾಟ್ಲೆಂಡಿನ ವಿನ್ಯಾಸದ ಗ್ಯಾಲರಿ ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತದೆ. ಸುಮಾರು 300 ವಸ್ತುಗಳಿವೆ. ಅವುಗಳಲ್ಲಿ ಮಳೆಗೆ ಹಾಕುವ ರಬ್ಬರ್ ಬೂಟನ್ನೂ ಕಂಡು ರಾಯರು, "ನನ್ನದನ್ನೂ ಗಾಜಿನೊಳಗೆ ಇಟ್ಟಿದ್ದರೆ ಬಾಳಿಕೆ ಬರುತ್ತಿತ್ತು" ಎಂದು ಗೊಣಗಿದರು. ಅದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ಯಾರೂ ನಿಲ್ಲಲಿಲ್ಲ. ನಿಂತದ್ದು ಓಕ್ ಕೋಣೆಯಲ್ಲಿ.

ಅದು ಸಂಗ್ರಹಾಲಯದ ಹೊಟ್ಟೆಯೊಳಗೆ ಇನ್ನೊಂದು ಕೋಣೆ. ಗ್ಲಾಸ್ಗೊದ ಇಂಗ್ರಾಮ್ ಬೀದಿಯಲ್ಲಿ ಮಿಸ್ ಕ್ರ್ಯಾನ್‌ಸ್ಟನ್ ಎಂಬ ಹೆಂಗಸು ನಡೆಸುತ್ತಿದ್ದ ಚಹಾ ಮನೆಗೆ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ 1907ರಲ್ಲಿ ವಿನ್ಯಾಸ ಮಾಡಿಕೊಟ್ಟದ್ದು. ಹೆಂಡದಂಗಡಿ ಬೇಡ ಎನ್ನುವವರಿಗೆ, ಗಂಡಸರ ಜೊತೆ ಇಲ್ಲದೆಯೂ ಹೆಂಗಸರು ಧೈರ್ಯವಾಗಿ ಬಂದು ಕೂರುವುದಕ್ಕೆ ಅಂಥ ಚಹಾ ಮನೆಗಳು. ಹದಿಮೂರೂವರೆ ಮೀಟರ್ ಉದ್ದ, ಸುತ್ತ ಬಾಲ್ಕನಿ, ಕಪ್ಪು ಬಣ್ಣಕ್ಕೆ ತಿರುಗಿದ ಓಕ್ ಕಂಬಗಳು, ಮರದ ನಡುವೆ ಅಲ್ಲಲ್ಲಿ ಬಣ್ಣದ ಗಾಜಿನ ಚೂರು. 1971ರಲ್ಲಿ ಆ ಕಟ್ಟಡದಿಂದ ಇದನ್ನು ಕಳಚಿ, ಒಂದೊಂದು ತುಂಡಿಗೂ ಗುರುತು ಹಾಕಿ ಎತ್ತಿಟ್ಟರು. ಅರ್ಧ ಶತಮಾನದಷ್ಟು ಕಾಲ ಉಗ್ರಾಣದಲ್ಲಿ ಬಿದ್ದಿತ್ತು. ಈ ಡೊಂಕು ಕಟ್ಟಡ ಎದ್ದ ಮೇಲೆ ಇಲ್ಲಿ ಮತ್ತೆ ಜೋಡಿಸಿದರು.

ನಾಣಿ ಫೋಟೋ ತೆಗೆಯಲಿಲ್ಲ. ಬೆಳಕು ಸಾಲದು ಎಂದ. ಅದು ನಿಜವಾದ ಕಾರಣವಿರಲಾರದು.

"ಕುರ್ಚಿ ಇಲ್ಲ" ಎಂದರು ಪದ್ಮಕ್ಕ.

ನಿಜ. ಚಹಾ ಕುಡಿಯುತ್ತಾ ಹರಟುವುದಕ್ಕೆಂದೇ ಒಬ್ಬ ಮನುಷ್ಯ ಕಂಬ ಕಂಬಕ್ಕೂ ಲೆಕ್ಕ ಹಾಕಿ ಕಟ್ಟಿದ ಕೋಣೆ. ಅದರೊಳಗೆ ಚಹಾ ಇಲ್ಲ. ಒಂದು ಕಪ್ಪು ತಟ್ಟೆಗೆ ತಾಗಿದ ಸದ್ದಿಲ್ಲ. ಜನ ಸೊಂಟದ ಹಿಂದೆ ಕೈ ಕಟ್ಟಿಕೊಂಡು ಬರುತ್ತಾರೆ, ಕತ್ತೆತ್ತಿ ಬಾಲ್ಕನಿ ನೋಡುತ್ತಾರೆ, ಹೋಗುತ್ತಾರೆ.

"ನೋಡಿದೆಯಾ ವಾಸು" ಎಂದರು ರಾಯರು. ಧ್ವನಿಯಲ್ಲಿ ಮೊದಲಿನ ಮೊನಚಿರಲಿಲ್ಲ. "ಇದು ಪಡಸಾಲೆ. ಮಿಸ್ ಕ್ರ್ಯಾನ್‌ಸ್ಟನ್ ಇದನ್ನು ಊರಿನ ಪಡಸಾಲೆ ಎಂದು ಕರೆದರೋ ಇಲ್ಲವೋ, ಚಹಾ ಅಂತೂ ಕೊಟ್ಟರು. ಹಳೆಯ ಪಡಸಾಲೆಯಲ್ಲಿ ಕೂರುವ ಹಾಗಿಲ್ಲ. ಹೊಸ ಪಡಸಾಲೆಯಲ್ಲಿ ಎಷ್ಟು ಹೊತ್ತಾದರೂ ಕೂರಬಹುದು."

"ಹೊಸದು ಇಲ್ಲದಿದ್ದರೆ ಇದು ಇನ್ನೂ ಪೆಟ್ಟಿಗೆಗಳಲ್ಲೇ ಇರುತ್ತಿತ್ತು ರಾಯರೇ."

"ಅದೇ ನನಗೆ ಸಿಟ್ಟು ತರಿಸುವುದು. ಬೈಯುವುದಕ್ಕೂ ಬಿಡುವುದಿಲ್ಲ."

ಹೊರಗೆ ಬಂದಾಗ ಗಾಳಿ ಇನ್ನೂ ಜೋರಾಗಿತ್ತು. ಕಟ್ಟಡದ ಎರಡು ಭಾಗಗಳ ನಡುವೆ ಒಂದು ಕಮಾನಿನಂಥ ದಾರಿ ಬಿಟ್ಟಿದ್ದಾರೆ. ಊರಿನ ಕಡೆಯಿಂದ ನೋಡಿದರೆ ಅದರೊಳಗೆ ನದಿ ಕಾಣುತ್ತದೆ. ಹಿಂದೆ ಇಲ್ಲಿಯೇ ಹತ್ತಿರ, ಹಡಗುಕಟ್ಟೆಯ ಬಳಿ ಕಲ್ಲಿನದೊಂದು ದೊಡ್ಡ ಕಮಾನಿತ್ತು. 1844ರಲ್ಲಿ ವಿಕ್ಟೋರಿಯಾ ರಾಣಿ ಬಂದುಹೋದ ನೆನಪಿಗೆ ಕಟ್ಟಿಸಿದ್ದು. ಟೇ ರಸ್ತೆ ಸೇತುವೆಗೆ ದಾರಿ ಬೇಕೆಂದು 1964ರಲ್ಲಿ ಅದನ್ನು ಕೆಡವಿ, ಹಡಗುಕಟ್ಟೆ ಮುಚ್ಚುವುದಕ್ಕೆ ಆ ಕಲ್ಲುಗಳನ್ನೇ ಸುರಿದರು. ಊರಿಗೂ ನದಿಗೂ ನಡುವೆ ರಸ್ತೆಗಳು ಬಂದು ಕೂತವು.

"ಮೊದಲು ನದಿಯನ್ನು ಮುಚ್ಚಿಡುವುದು. ಆಮೇಲೆ 8 ಕೋಟಿ ಪೌಂಡ್ ಕೊಟ್ಟು ಸಂದಿಯಲ್ಲಿ ಇಣುಕಿ ನೋಡುವುದು" ಎಂದರು ರಾಯರು. ನಗಬೇಕೋ ಬೇಡವೋ ತಿಳಿಯದೆ ವಾಸು ಅರ್ಧ ನಕ್ಕ.

ನಾಣಿ ಪಶ್ಚಿಮಕ್ಕೆ ಮೊಬೈಲ್ ಹಿಡಿದಿದ್ದ. ನಾವು ಬೆಳಿಗ್ಗೆ ರೈಲಿನಲ್ಲಿ ದಾಟಿಬಂದ ಸೇತುವೆ ಅಲ್ಲಿ ನದಿಯುದ್ದಕ್ಕೂ ಚಾಚಿತ್ತು. ದಾಟುವಾಗ ಪಕ್ಕದ ನೀರಿನಲ್ಲಿ ಸಾಲಾಗಿ ನಿಂತ ಮೋಟು ಕಂಬಗಳನ್ನು ಎಲ್ಲರೂ ನೋಡಿದ್ದೆವು. ಅವು ಮೊದಲ ಸೇತುವೆಯವು. ಅದನ್ನು ಕಟ್ಟಿದ ಥಾಮಸ್ ಬೌಚ್ ಅವರಿಗೆ 1879ರ ಬೇಸಿಗೆಯಲ್ಲಿ ಸರ್ ಪದವಿ ಸಿಕ್ಕಿತು. ಅದೇ ವರ್ಷ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸೇತುವೆಯ ನಡುಭಾಗ ಕುಸಿದು, ಅದರ ಮೇಲಿದ್ದ ರೈಲು ನದಿಗೆ ಬಿತ್ತು. ಒಬ್ಬರೂ ಉಳಿಯಲಿಲ್ಲ. ಗಾಳಿಯ ಒತ್ತಡಕ್ಕೆಂದು ಅವರು ಲೆಕ್ಕದಲ್ಲಿ ಏನೂ ಹಿಡಿದಿರಲಿಲ್ಲ ಎಂದು ವಿಚಾರಣೆಯಲ್ಲಿ ಹೊರಬಿತ್ತು.

"ವಿನ್ಯಾಸದ ಸಂಗ್ರಹಾಲಯಕ್ಕೆ ಇದಕ್ಕಿಂತ ದೊಡ್ಡ ಪ್ರದರ್ಶನ ಇಲ್ಲ" ಎಂದರು ರಾಯರು. "ಟಿಕೆಟ್ಟೂ ಇಲ್ಲ, ಗಾಜಿನ ಪೆಟ್ಟಿಗೆಯೂ ಇಲ್ಲ. ಆ ಸೇತುವೆ ಯಾವುದರ ಹಾಗಿದೆ ಎಂದು ಆಗ ಯಾರೂ ಕೇಳಲಿಲ್ಲ, ನಿಲ್ಲುತ್ತದೆಯೇ ಎಂದು ಕೇಳಿದ್ದರೆ ಸಾಕಿತ್ತು."

ಯಾರೂ ಮಾತಾಡಲಿಲ್ಲ. ಪದ್ಮಕ್ಕನಿಗೆ ಚಳಿ ಹತ್ತಿತ್ತು.

"ಇದು ನಿಲ್ಲುತ್ತದೆ ಬಿಡಿ. 3 ಟನ್ನಿನ ಕಲ್ಲು" ಎಂದರು ಅವರು. "ನಡೆಯಿರಿ. ರಾಯರೇ, ರೂಮಿಗೆ ಹೋದ ತಕ್ಷಣ ಕೆಟಲ್ ಇಡುವುದು ನೀವು. ನಾನು ಬೆಳಿಗ್ಗೆಯಿಂದ ಗಿರಣಿಯಲ್ಲಿ ದುಡಿದಷ್ಟು ನಡೆದಿದ್ದೇನೆ."

"ನಾನು ಜೂಟ್ ಕಡೆಯವನಲ್ಲ ಪದ್ಮಕ್ಕ, ಜರ್ನಲಿಸಂ ಕಡೆಯವನು" ಎಂದರು ರಾಯರು. "ಮಾತು ನನ್ನದು. ನೀರು ನಾಣಿ ಕಾಯಿಸುತ್ತಾನೆ."

"ನಾನು ಫೋಟೋ ಕಳಿಸಬೇಕು" ಎಂದ ನಾಣಿ.

"ಹಾಗಿದ್ದರೆ ವಾಸು."

"ಆ ಕೆಟಲ್‌ನ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ನೀರು ಬಿಸಿಯಾಗುವುದಿಲ್ಲ" ಎಂದ ವಾಸು. "ನಿನ್ನೆಯೇ ನೋಡಿದೆ. ನೋಡಲು ಮಾತ್ರ ತುಂಬ ಚೆನ್ನಾಗಿದೆ."